ಯೋಧನ ಪೇ ಸ್ಲಿಪ್: ಓದುವುದು ಹೇಗೆ, ತಪ್ಪಿದ್ದರೆ ಕೇಳುವುದು ಎಲ್ಲಿ?

ಕೊಡಗು, ಹಾಸನ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಎಷ್ಟೋ ಮನೆಗಳ ಸಂಸಾರ ಸೇನೆಯ ಸಂಬಳದ ಮೇಲೆ ನಡೆಯುತ್ತಿದೆ. ತಿಂಗಳಾದರೆ ಹಣ ಖಾತೆಗೆ ಜಮೆಯಾಗುತ್ತದೆ. ಅದು ಲೆಕ್ಕದಂತೆ ಬಂದಿದೆಯೇ ಎಂದು ತಾಳೆ ನೋಡುವವರು ಮಾತ್ರ ವಿರಳ. ಗಡಿಯಲ್ಲಿರುವವರಿಗೆ ಪುರುಸೊತ್ತಿಲ್ಲ, ಮನೆಯವರಿಗೆ ಪೇ ಸ್ಲಿಪ್ ಅರ್ಥವಾಗುವುದಿಲ್ಲ. ನಿಯಮದಂತೆ ಸಲ್ಲಬೇಕಾದ ವೇತನವನ್ನು, ಕಾನೂನು ಒಪ್ಪಿದ ಕಡಿತಗಳನ್ನು ಬಿಟ್ಟು ಬೇರೆ ಯಾವ ಕಡಿತವೂ ಇಲ್ಲದೆ ಕೊಡಬೇಕು ಎನ್ನುತ್ತದೆ 1950ರ ಸೇನಾ ಕಾಯ್ದೆಯ 25ನೇ ಕಲಂ. ಸಂಬಳ ಹಕ್ಕು ಎಂದಮೇಲೆ ಅದರ ಲೆಕ್ಕ ಕೇಳುವುದೂ ಹಕ್ಕೇ.

ಲೆವೆಲ್ ಎಂದರೇನು?

7ನೇ ವೇತನ ಆಯೋಗದ ಪೇ ಮ್ಯಾಟ್ರಿಕ್ಸ್ 2016ರ ಜನವರಿ 1ರಿಂದ ಜಾರಿಯಲ್ಲಿದೆ. ಇದೊಂದು ಕೋಷ್ಟಕ. ಅಡ್ಡಸಾಲಿನಲ್ಲಿ ಹುದ್ದೆಗೆ ತಕ್ಕ ಲೆವೆಲ್‌ಗಳು, ಪ್ರತಿ ಲೆವೆಲ್‌ನ ಕೆಳಗೆ ವರ್ಷದಿಂದ ವರ್ಷಕ್ಕೆ ಏರುವ ಮೊತ್ತಗಳು. ಸಿಪಾಯಿ ಲೆವೆಲ್ 3, ಆರಂಭದ ಬೇಸಿಕ್ 21,700 ರೂಪಾಯಿ. ನಾಯಕ್ ಲೆವೆಲ್ 4, 25,500. ಹವಾಲ್ದಾರ್ ಲೆವೆಲ್ 5, 29,200. ಜೆ.ಸಿ.ಒ.ಗಳಾದ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಕ್ರಮವಾಗಿ 6, 7, 8. ಲೆಫ್ಟಿನೆಂಟ್ ಲೆವೆಲ್ 10ರಲ್ಲಿ 56,100 ರೂಪಾಯಿಯಿಂದ ಶುರುಮಾಡುತ್ತಾರೆ.

ಬೇಸಿಕ್ ಜೊತೆಗೆ ಮಿಲಿಟರಿ ಸರ್ವಿಸ್ ಪೇ ಇದೆ: ಜವಾನರು ಮತ್ತು ಜೆ.ಸಿ.ಒ.ಗಳಿಗೆ 5,200, ಬ್ರಿಗೇಡಿಯರ್‌ವರೆಗಿನ ಅಧಿಕಾರಿಗಳಿಗೆ 15,500. ತುಟ್ಟಿಭತ್ಯೆ ಮತ್ತು ಪಿಂಚಣಿ ಲೆಕ್ಕ ಹಾಕುವಾಗ ಇದನ್ನು ಸೇರಿಸಲೇಬೇಕು. ಮನೆ ಬಾಡಿಗೆ ಭತ್ಯೆಗೂ ವಾರ್ಷಿಕ ಇನ್‌ಕ್ರಿಮೆಂಟ್‌ಗೂ ಸೇರಿಸುವುದಿಲ್ಲ.

ಅಗ್ನಿವೀರರು ಈ ಕೋಷ್ಟಕದಲ್ಲಿಲ್ಲ. ಅವರದು ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000 ರೂಪಾಯಿಯ ಪ್ಯಾಕೇಜ್. ಅದರಲ್ಲಿ ಶೇ. 30 ಸೇವಾನಿಧಿಗೆ ಹೋಗುತ್ತದೆ, ಸರ್ಕಾರ ಅಷ್ಟೇ ಮೊತ್ತ ಸೇರಿಸುತ್ತದೆ. ತುಟ್ಟಿಭತ್ಯೆಯಾಗಲಿ ಮಿಲಿಟರಿ ಸರ್ವಿಸ್ ಪೇ ಆಗಲಿ ಅವರಿಗಿಲ್ಲ.

ತಪ್ಪು ನುಸುಳುವ ಜಾಗ

ಬಡ್ತಿ ಸಿಗದಿದ್ದರೂ 8, 16 ಮತ್ತು 24 ವರ್ಷ ಸೇವೆ ಮುಗಿಸಿದವರಿಗೆ ಮೇಲಿನ ಲೆವೆಲ್‌ನ ವೇತನ ಕೊಡುವ ವ್ಯವಸ್ಥೆ ಸೇನೆಯಲ್ಲಿದೆ. ಇದನ್ನು ಎಂ.ಎ.ಸಿ.ಪಿ. ಎನ್ನುತ್ತಾರೆ. ಲೆಕ್ಕ ಹೀಗೆ: ಲೆವೆಲ್ 3ರಲ್ಲಿ 26,800 ರೂಪಾಯಿ ಬೇಸಿಕ್ ಇರುವ ಸಿಪಾಯಿಗೆ ಎಂ.ಎ.ಸಿ.ಪಿ. ಬಂತು ಎನ್ನಿ. ಮೊದಲು ಅದೇ ಲೆವೆಲ್‌ನಲ್ಲಿ ಒಂದು ಇನ್‌ಕ್ರಿಮೆಂಟ್ ಸೇರಿಸಬೇಕು, 27,600 ಆಗುತ್ತದೆ. ಲೆವೆಲ್ 4ರಲ್ಲಿ ಅಷ್ಟೇ ಮೊತ್ತವಿಲ್ಲ, ಅದಕ್ಕಿಂತ ಮೇಲಿನದು 27,900. ಹೊಸ ಬೇಸಿಕ್ ಅದೇ.

ಯೂನಿಟ್‌ನಿಂದ ಪಾರ್ಟ್ ಟು ಆರ್ಡರ್ ಹೊರಟರಷ್ಟೇ ಪೇ ಅಕೌಂಟ್ಸ್ ಆಫೀಸಿನಲ್ಲಿ ಈ ಬದಲಾವಣೆ ದಾಖಲಾಗುತ್ತದೆ. ಆದೇಶ ತಡವಾದರೆ, ದಿನಾಂಕ ತಪ್ಪಿದರೆ ಸಂಬಳವೂ ತಪ್ಪುತ್ತದೆ. ಬಡ್ತಿ ಬಂದಾಗ ಹೊಸ ವೇತನವನ್ನು ಬಡ್ತಿಯ ದಿನದಿಂದ ನಿಗದಿ ಮಾಡಬೇಕೋ, ಮುಂದಿನ ಇನ್‌ಕ್ರಿಮೆಂಟ್ ದಿನದಿಂದಲೋ ಎಂಬ ಆಯ್ಕೆಯನ್ನು ಯೋಧ ಲಿಖಿತವಾಗಿ ಕೊಡಬೇಕು. ಈ ಒಂದು ಹಾಳೆ ಕೊಡದೆ ಜೊತೆಯವರಿಗಿಂತ ಕಡಿಮೆ ಬೇಸಿಕ್‌ನಲ್ಲಿ ಉಳಿದವರಿದ್ದಾರೆ. ಬೇಸಿಕ್‌ನಲ್ಲಾದ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ. ತುಟ್ಟಿಭತ್ಯೆಗೆ, ಮುಂದಿನ ವೇತನ ಪರಿಷ್ಕರಣೆಗೆ, ಕೊನೆಗೆ ಪಿಂಚಣಿಗೂ ಅಂಟಿಕೊಳ್ಳುತ್ತದೆ.

ದೂರಿನ ದಾರಿ

ಮೊದಲು ಯೂನಿಟ್ ಮೂಲಕ ಪೇ ಅಕೌಂಟ್ಸ್ ಆಫೀಸಿಗೆ ಲಿಖಿತವಾಗಿ ಕೇಳಿ. ನಿಮ್ಮ ಲೆಕ್ಕ, ಪೇ ಸ್ಲಿಪ್, ಪಾರ್ಟ್ ಟು ಆರ್ಡರ್‌ನ ಪ್ರತಿ ಲಗತ್ತಿಸಿ, ಅರ್ಜಿ ತಲುಪಿದ್ದಕ್ಕೆ ಸಹಿ ಪಡೆಯಿರಿ. ಸರಿಯಾಗದಿದ್ದರೆ ಜವಾನರು, ಜೆ.ಸಿ.ಒ.ಗಳು ಸೇನಾ ಕಾಯ್ದೆಯ 26ನೇ ಕಲಂ ಅಡಿ, ಅಧಿಕಾರಿಗಳು 27ನೇ ಕಲಂ ಅಡಿ ದೂರು ಕೊಡಬಹುದು.

ಅಲ್ಲೂ ನ್ಯಾಯ ಸಿಗದಿದ್ದರೆ 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ದೂರಿನ ಮೇಲೆ ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ದೂರು ಕೊಟ್ಟು ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಅಲ್ಲಿಂದ ಮುಂದಿನ ಆರು ತಿಂಗಳು ಅವಕಾಶ. ತಡವಾದರೆ ಸೂಕ್ತ ಕಾರಣ ತೋರಿಸಿ ಮನ್ನಿಸುವಂತೆ ಕೇಳಬಹುದು. ಆದರೆ ಹಳೆಯ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಬೇಕೆಂದು ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ತಡಮಾಡಿದಷ್ಟೂ ನಷ್ಟ.

ಬಿ.ಎಸ್.ಎಫ್., ಸಿ.ಆರ್.ಪಿ.ಎಫ್., ಸಿ.ಐ.ಎಸ್.ಎಫ್. ಕಾನ್‌ಸ್ಟೆಬಲ್‌ಗಳದೂ ಲೆವೆಲ್ 3ರ 21,700 ರೂಪಾಯಿಯೇ. ಆದರೆ ಅವರಿಗೆ ಮಿಲಿಟರಿ ಸರ್ವಿಸ್ ಪೇ ಇಲ್ಲ, ಎಂ.ಎ.ಸಿ.ಪಿ. ಸಿಗುವುದು 10, 20, 30 ವರ್ಷಕ್ಕೆ. ಅವರ ವೇತನ ವಿವಾದಗಳು ಈ ನ್ಯಾಯಮಂಡಳಿಗೆ ಬರುವುದಿಲ್ಲ, ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕಬೇಕು.

ಮರುವಸೂಲಿ ಬಂದರೆ

ಹೆಚ್ಚು ಸಂಬಳ ಕೊಟ್ಟಿದ್ದೇವೆ, ವಾಪಸ್ ಕಟ್ಟಿ ಎಂಬ ನೋಟಿಸ್ ಬಂದರೆ ಗಾಬರಿಯಾಗಬೇಡಿ. ನಿವೃತ್ತರಾದವರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕೂ ಹೆಚ್ಚು ಕಾಲ ತಪ್ಪಾಗಿ ಪಾವತಿಸಿದ ಸಂದರ್ಭದಲ್ಲಿ ವಸೂಲಿ ಸಲ್ಲದು ಎಂದು ರಫೀಕ್ ಮಸೀಹ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ತೀರ್ಪನ್ನು ಉಲ್ಲೇಖಿಸಿ ಲಿಖಿತ ಆಕ್ಷೇಪಣೆ ಸಲ್ಲಿಸಿ.

ನಿವೃತ್ತಿಯ ದಿನದ್ದೂ ಒಂದು ಪ್ರಶ್ನೆ. ಜೂನ್ 30ರಂದು ನಿವೃತ್ತರಾದವರಿಗೆ ಜುಲೈ 1ರ ಇನ್‌ಕ್ರಿಮೆಂಟ್ ಕೈತಪ್ಪುತ್ತಿತ್ತು. ವರ್ಷವಿಡೀ ದುಡಿದು ಗಳಿಸಿದ ಇನ್‌ಕ್ರಿಮೆಂಟನ್ನು ಮರುದಿನ ನಿವೃತ್ತರೆಂಬ ಕಾರಣಕ್ಕೆ ನಿರಾಕರಿಸಬಾರದು ಎಂದು 2023ರ ಏಪ್ರಿಲ್‌ನಲ್ಲಿ ತೀರ್ಪು ಬಂದಿದ್ದು ನಮ್ಮ ಕೆ.ಪಿ.ಟಿ.ಸಿ.ಎಲ್. ನೌಕರರ ಪ್ರಕರಣದಲ್ಲೇ. ಜೂನ್ 30 ಅಥವಾ ಡಿಸೆಂಬರ್ 31ರಂದು ನಿವೃತ್ತರಾದ ಸೈನಿಕರು ತಮ್ಮ ಪಿಂಚಣಿ ಆದೇಶದಲ್ಲಿ ಇದನ್ನು ಪರಿಶೀಲಿಸಬೇಕು.

ಮನೆಯವರ ಹಕ್ಕು

ಯೋಧ ಹೆಂಡತಿ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಅವರ ಜೀವನಾಂಶವನ್ನು ಸಂಬಳದಿಂದಲೇ ಕಡಿತ ಮಾಡಿಸಲು ಸೇನಾ ಕಾಯ್ದೆಯ 90 ಮತ್ತು 91ನೇ ಕಲಂಗಳಲ್ಲಿ ಅವಕಾಶವಿದೆ. ಪತ್ನಿ ಯೂನಿಟ್‌ನ ಕಮಾಂಡಿಂಗ್ ಆಫೀಸರ್‌ಗೆ ಅರ್ಜಿ ಬರೆಯಬಹುದು. ಇನ್ನೊಂದೆಡೆ, ಸಾಲದ ಡಿಕ್ರಿಗಾಗಿ ಸಿವಿಲ್ ನ್ಯಾಯಾಲಯ ಸೈನಿಕನ ಸಂಬಳವನ್ನು ಜಪ್ತಿ ಮಾಡದಂತೆ 28ನೇ ಕಲಂ ರಕ್ಷಣೆ ಕೊಡುತ್ತದೆ.

ಅರ್ಜಿ ಬರೆಯಲು ನೆರವು ಬೇಕಾದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ರಜೆಗೆ ಊರಿಗೆ ಬಂದಾಗ ಗಂಡ ಹೆಂಡತಿ ಕೂತು ಪೇ ಸ್ಲಿಪ್‌ನಲ್ಲಿ ಮೂರು ವಿಷಯ ನೋಡಿ: ಲೆವೆಲ್ ಯಾವುದು, ಬೇಸಿಕ್ ಎಷ್ಟು, ಮುಂದಿನ ಇನ್‌ಕ್ರಿಮೆಂಟ್ ಯಾವಾಗ. ಪ್ರತಿಗಳನ್ನು ವರ್ಷವಾರು ಫೈಲಿನಲ್ಲಿಡಿ. ನಾಳೆ ವ್ಯಾಜ್ಯವಾದರೆ ನ್ಯಾಯಮಂಡಳಿ ಮೊದಲು ಕೇಳುವ ಸಾಕ್ಷ್ಯ ಅದೇ.