ಸಂರಕ್ಷಣೆ ಓದಲು ಹೊರಟವರಿಗೆ

ಬಿ.ಆರ್ಕ್ ಮುಗಿಸಿ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿದ್ದೀರಾ? ಅರ್ಜಿ ಹಾಕುವ ಮೊದಲು ನಿಮ್ಮೂರಿನ ಯಾವುದಾದರೂ ಹಳೇ ಮನೆಯ ಗೋಡೆಯ ಬುಡದಲ್ಲಿ ಕೂತು ನೋಡಿ. ಸುಣ್ಣದ ಗಾರೆಯ ಗೋಡೆಗೆ ಯಾರೋ ಸಿಮೆಂಟ್ ಮೆತ್ತಿದ್ದರೆ, ನೆಲದಿಂದ ಏರಿದ ತೇವ ಹೊರಹೋಗಲು ದಾರಿ ಸಿಗದೆ ಒಳಗೇ ಉಳಿಯುತ್ತದೆ. ಬಿಳೀ ಉಪ್ಪು ಒಸರುತ್ತದೆ, ಇಟ್ಟಿಗೆ ಪುಡಿಪುಡಿಯಾಗಿ ಉದುರುತ್ತದೆ, ಸಿಮೆಂಟ್ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಇದನ್ನು ಕಣ್ಣಾರೆ ಕಂಡವರಿಗೆ ತರಗತಿಯ ಪಾಠ ಬೇಗ ತಲೆಗೆ ಹತ್ತುತ್ತದೆ.

ದೆಹಲಿ, ಭೋಪಾಲ್‌ಗಳ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಈ ಓದು ಇದೆ. ಹೆಸರು ನೋಡಿ ಮರುಳಾಗಬೇಡಿ. ಕಟ್ಟಡ ಅಳೆದು ನಕ್ಷೆ ಬರೆಯಲು ಎಷ್ಟು ದಿನ ಹೊರಗಿರುತ್ತಾರೆ, ಗಾರೆ ಕೆಲಸದವರ ಜೊತೆ ಕೈಜೋಡಿಸುವ ಅವಕಾಶವಿದೆಯೇ ಎಂದು ಹಳೇ ವಿದ್ಯಾರ್ಥಿಗಳನ್ನು ಕೇಳಿ. ನನ್ನ ಮಟ್ಟಿಗೆ ಇದೇ ಮುಖ್ಯ.

ಕಾನೂನನ್ನೂ ಓದಿಕೊಳ್ಳಿ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ಕಟ್ಟಡ ಕೆಲಸಕ್ಕೆ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕದ ಪಕ್ಕದಲ್ಲೇ ಮನೆ ಇರುವವರಿಗೆ ಒಂದು ಕೋಣೆ ಕಟ್ಟಿಕೊಳ್ಳುವುದೂ ತಲೆನೋವು. ಅವರ ಕಷ್ಟ ಕೇಳುವ ತಾಳ್ಮೆ ಇಲ್ಲದಿದ್ದರೆ ಈ ವೃತ್ತಿಗೆ ಬರಬೇಡಿ.

ಇನ್ನು ಪ್ರಬಂಧದ ವಿಷಯಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಎರಡೂ ಕಡೆಯವರ ವಾದಗಳನ್ನು ಈಗಿನಿಂದಲೇ ಸಂಗ್ರಹಿಸಿ ಓದಲು ಶುರುಮಾಡಿ.