ಹಾಲು ಕುಲುಕಿದರೆ ಫ್ಯಾಟ್ ಎಲ್ಲಿ ಹೋಗುತ್ತದೆ?



"ಹಸು ಅದೇ, ಮೇವು ಅದೇ, ಫ್ಯಾಟ್ ಯಾಕೆ ಇಳೀತು ಡಾಕ್ಟ್ರೇ?" ಚಳಿಗಾಲದ ಒಂದು ಬೆಳಿಗ್ಗೆ ಒಬ್ಬ ತಾಯಿ ಹೀಗೆ ಕೇಳಿದರು. ಹಸುವನ್ನು ಪರೀಕ್ಷಿಸಿದೆ. ಕೆಚ್ಚಲು ಬಾವು ಇರಲಿಲ್ಲ. ಸಂಘದಿಂದ ವಾಪಸ್ ಬಂದ ಕ್ಯಾನಿನ ಮುಚ್ಚಳ ತೆಗೆದೆ. ಒಳಗೆ ಬೆಣ್ಣೆಯ ಕಾಳುಗಳು ಅಂಟಿದ್ದವು! ಹತ್ತು ಲೀಟರ್ ಕ್ಯಾನಿನಲ್ಲಿ ನಾಲ್ಕೇ ಲೀಟರ್ ಹಾಲು, ತೋಟದ ಮನೆಯಿಂದ ಹಳ್ಳ ದಿಣ್ಣೆಯ ದಾರಿಯಲ್ಲಿ ಬೈಕಿನ ಮೇಲೆ ಹೋಗುತ್ತಿತ್ತು. ಕಡೆಗೋಲಿನ ಕೆಲಸವನ್ನು ಬೈಕು ಮಾಡಿತ್ತು.

ಹಾಲಿನ ಜಿಡ್ಡು ಕಣ್ಣಿಗೆ ಕಾಣದ ಗುಂಡುಗಳಾಗಿ ತೇಲುತ್ತದೆ. ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 250 ಗುಂಡುಗಳನ್ನು ಸಾಲಾಗಿ ಇಡಬಹುದು. ಪ್ರತಿ ಗುಂಡಿಗೂ ಮೂರು ಪದರದ ತೆಳು ಪೊರೆಯಿದೆ. ಒಂದು ಪದರ ಕೆಚ್ಚಲಿನ ಜೀವಕೋಶದ ಒಳಗೇ ಸುತ್ತಿಕೊಳ್ಳುತ್ತದೆ. ಜಿಡ್ಡು ಹೊರಬರುವಾಗ ಜೀವಕೋಶದ ಹೊರಪೊರೆಯ ಎರಡು ಪದರ ಅದನ್ನು ಹೊದ್ದುಕೊಳ್ಳುತ್ತವೆ.

ಈ ಪೊರೆ ಗಟ್ಟಿ ಚಿಪ್ಪಲ್ಲ, ಮೃದು. ಹಾಲು ನಿಧಾನವಾಗಿ ಹರಿದರೆ ಗುಂಡು ಕೊಂಚ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಜೋರಾಗಿ ಕುಲುಕಿದರೆ, ನೊರೆ ಎದ್ದರೆ ಪೊರೆ ಹರಿಯುತ್ತದೆ. ಆಗ ನಷ್ಟ ಎರಡು:

1. ಹಾಲು ತಣಿದು ಜಿಡ್ಡು ಅರ್ಧ ಗಟ್ಟಿಯಾಗಿದ್ದರೆ, ಹರಿದ ಗುಂಡುಗಳು ಒಂದಕ್ಕೊಂದು ಅಂಟಿ ಬೆಣ್ಣೆಯಾಗುತ್ತವೆ. ಬೆಣ್ಣೆ ಕ್ಯಾನಿನಲ್ಲೇ ಉಳಿಯುತ್ತದೆ. ಸ್ಯಾಂಪಲ್‌ನಲ್ಲಿ ಫ್ಯಾಟ್ ಕಡಿಮೆ, ನಿಮ್ಮ ಬಟವಾಡೆಯೂ ಕಡಿಮೆ.

2. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವಕ್ಕೆ ಜಿಡ್ಡು ಸುಲಭವಾಗಿ ಸಿಕ್ಕಿ, ಕಮಟು ವಾಸನೆ ಹುಟ್ಟುತ್ತದೆ. ಕಾಯಿಸಿದರೂ ಅದು ಹೋಗುವುದಿಲ್ಲ.

ಏನು ಮಾಡಬೇಕು?

• ಹಾಲಿನ ಅಳತೆಗೆ ತಕ್ಕ ಪಾತ್ರೆ ಬಳಸಿ. ಅರ್ಧ ತುಂಬಿದ ಕ್ಯಾನು ಹೆಚ್ಚು ಕುಲುಕುತ್ತದೆ.
• ಎತ್ತರದಿಂದ ಸುರಿಯಬೇಡಿ. ಪಾತ್ರೆಯ ಅಂಚಿನ ಗುಂಟ ನಿಧಾನವಾಗಿ ಬಗ್ಗಿಸಿ.
• ಹಾಲು ಕರೆಯುವ ಯಂತ್ರವಿದ್ದರೆ ರಬ್ಬರ್ ಲೈನರ್ ಸೀಳಿದೆಯೇ ನೋಡಿ. ಒಳಗೆ ನುಗ್ಗಿದ ಗಾಳಿ ನೊರೆ ಎಬ್ಬಿಸುತ್ತದೆ.
• ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ತಲುಪಿಸಿ.
• ನಿಂತ ಹಾಲಿನ ಕೆನೆ ಮೇಲೇರುತ್ತದೆ. ಸ್ಯಾಂಪಲ್ ತೆಗೆಯುವ ಮುನ್ನ ಸೌಟಿನಿಂದ ಮೆಲ್ಲಗೆ, ತಳದವರೆಗೆ ಕಲಕಲು ಹೇಳಿ.

ಬತ್ತುವ ಹಂತದ ಹಸುವಿನ ಹಾಲು, ಹೊಟ್ಟೆ ತುಂಬ ಮೇವು ಸಿಗದ ಹಸುವಿನ ಹಾಲು ಬೇಗ ಕಮಟಾಗುತ್ತದೆ. ಅಲ್ಲಿ ಇನ್ನೂ ಎಚ್ಚರ ಬೇಕು.

ಫ್ಯಾಟ್ ಇಳಿಯಲು ಮೇವು, ರೋಗ ಮುಂತಾದ ಕಾರಣಗಳೂ ಇವೆ. ಆದರೆ ಹಸುವನ್ನೋ ಪರೀಕ್ಷಕರನ್ನೋ ದೂರುವ ಮುನ್ನ ನಿಮ್ಮ ಕ್ಯಾನಿನ ಮುಚ್ಚಳವನ್ನೊಮ್ಮೆ ತಿರುಗಿಸಿ ನೋಡಿ. ಬೆಣ್ಣೆ ಕಡೆಯುವುದಾದರೆ ಮನೆಯ ಗಡಿಗೆಯಲ್ಲಿ ಕಡೆಯೋಣ, ದಾರಿಯಲ್ಲಿ ಬೇಡ.