ಸಂಕಲ್ಪ, ನಿತ್ಯನೇಮ ಮತ್ತು ಸಮರ್ಪಣೆ

ಹೊಸ ಗುಡಿಯನ್ನು ಕಟ್ಟಿಸುವದಕ್ಕಿಂತ ಹಳೆಯ ಗುಡಿಯನ್ನು ಉದ್ಧರಿಸುವದು ಹಿರಿದಾದ ಪುಣ್ಯವೆಂಬ ನಂಬಿಕೆಯು ಈ ನಾಡಿನಲ್ಲಿ ಬಹು ಪ್ರಾಚೀನವಾದುದು. ಬಿರಿದ ಗೋಡೆಗೆ ಗಚ್ಚು ತುಂಬಿ, ಶಿಖರಕ್ಕೆ ಕಳಸವನ್ನೇರಿಸಿ, ಊರೆಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವ ದಿನದಂದು ಯಾರ ಮನಸ್ಸು ತಾನೆ ಹಿಗ್ಗುವದಿಲ್ಲ? ಆದರೆ ಕಳಸಾರೋಹಣದ ದಿನವು ಒಂದೇ. ಅದರ ಮರುದಿನದಿಂದ ಬರುವ ದಿನಗಳಿಗೆ ಲೆಕ್ಕವಿಲ್ಲ. ಆ ದಿನಗಳಲ್ಲಿ ಚಪ್ಪರವಿರುವದಿಲ್ಲ, ವಾದ್ಯವಿರುವದಿಲ್ಲ, ಪರಸ್ಥಳದ ಬೀಗರು ಬರುವದಿಲ್ಲ. ಮುಸ್ಸಂಜೆಯ ವೇಳೆಗೆ ಗರ್ಭಗುಡಿಯ ಕದವನ್ನು ತೆರೆದು, ಬತ್ತಿಯನ್ನು ಹೊಸೆದು, ದೀಪವನ್ನು ಹಚ್ಚುವ ಒಂದು ಕೈ ಮಾತ್ರ ಬೇಕಾಗುವದು. ಆ ಕೈ ಯಾರದೆಂಬ ಪ್ರಶ್ನೆಗೆ ಊರಿನಲ್ಲಿ ಉತ್ತರವಿದ್ದರೆ ಜೀರ್ಣೋದ್ಧಾರವು ಸಾರ್ಥಕ. ಉತ್ತರವಿಲ್ಲದಿದ್ದರೆ ಹಚ್ಚಿದ ಬಣ್ಣವು ನಾಲ್ಕು ಮಳೆಗಾಲ ಬಾಳೀತು; ಬಳಿಕ ಬಾವಲಿಗಳು ಮರಳಿ ಬಂದಾವು.

ಈ ಪ್ರಶ್ನೆಗೆ ಬೇಕಾದ ಉತ್ತರವನ್ನು ಹಿರಿಯರು ಪೂಜಾವಿಧಿಯಲ್ಲಿಯೇ ಅಡಗಿಸಿಟ್ಟಿದ್ದಾರೆ. ಪೂಜೆಯು ಸಂಕಲ್ಪದಿಂದ ಆರಂಭವಾಗುವದು, ಉಪಚಾರಗಳಿಂದ ಮುಂದುವರಿಯುವದು, ಸಮರ್ಪಣೆಯಿಂದ ಮುಗಿಯುವದು. ಸಂಕಲ್ಪವೆಂದರೆ ಗುರಿ. ಉಪಚಾರವೆಂದರೆ ತಪ್ಪದೆ ನಡೆಯುವ ನೇಮ. ಸಮರ್ಪಣೆಯೆಂದರೆ ಕೃತಜ್ಞತೆ. ಗುಡಿಯಲ್ಲಿ ಅರ್ಚಕನು ಒಂದು ಗಳಿಗೆಯಲ್ಲಿ ಮಾಡಿ ಮುಗಿಸುವ ಈ ಮೂರನ್ನು ಭಕ್ತನು ಆಯುಷ್ಯದುದ್ದಕ್ಕೂ ಮಾಡಬೇಕಾಗಿದೆ.

೧. ಸಂಕಲ್ಪ

ಪೂಜೆಯ ಆರಂಭದಲ್ಲಿ ಅರ್ಚಕನು ನುಡಿಯುವ ಸಂಕಲ್ಪವನ್ನು ಕಿವಿಗೊಟ್ಟು ಕೇಳಿದವರು ವಿರಳ. ಅದರಲ್ಲಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳು ಬರುತ್ತವೆ. ಪೂಜೆ ನಡೆಯುವ ಸ್ಥಳವು ಬರುತ್ತದೆ. ಮಾಡಿಸುವವನ ಗೋತ್ರ, ಹೆಸರುಗಳು ಬರುತ್ತವೆ. ಕೊನೆಗೆ ಯಾವ ಉದ್ದೇಶದಿಂದ ಪೂಜೆಯನ್ನು ಮಾಡಲಾಗುತ್ತಿದೆಯೆಂಬದು ಬರುತ್ತದೆ. ಅಂಗಡಿಯ ಕೀರ್ದಿಯಲ್ಲಿ ಒಂದು ನಮೂದನ್ನು ಮಾಡುವಾಗಲೂ ಇಷ್ಟೇ ಬೇಕು: ತಾರೀಖು, ಸ್ಥಳ, ಹೆಸರು, ಬಾಬತ್ತು. ಇವುಗಳಲ್ಲಿ ಒಂದು ತಪ್ಪಿದರೂ ನಮೂದು ನಿಲ್ಲಲಾರದು. ‘ಎಂದಾದರೊಮ್ಮೆ ಒಳ್ಳೆಯದನ್ನು ಮಾಡೋಣ’ ಎಂಬ ಮಾತಿನಲ್ಲಿ ತಾರೀಖಿಲ್ಲ. ‘ಯಾರಾದರೂ ಮಾಡಿಯಾರು’ ಎಂಬ ಮಾತಿನಲ್ಲಿ ಹೆಸರಿಲ್ಲ. ಆದುದರಿಂದ ಅವು ಸಂಕಲ್ಪಗಳಲ್ಲ, ಬರಿಯ ಆಸೆಗಳು.

ಸಂಕಲ್ಪದ ಬಲವನ್ನು ಅರಿಯಬೇಕಾದರೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ೧೨ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಬಾಳಿದ ಶಿವಯೋಗಿ ಸಿದ್ಧರಾಮನ ಚರಿತ್ರವೇ ಸಾಕು. ರಾಘವಾಂಕ ಕವಿಯು ‘ಸಿದ್ಧರಾಮ ಚಾರಿತ್ರ’ದಲ್ಲಿ ಈತನ ಕಥೆಯನ್ನು ವಿಸ್ತರಿಸಿದ್ದಾನೆ. ಹೊಲ ಕಾಯುತ್ತಿದ್ದ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮನಾಗಿ ಬಂದನು. ಆತನಿಗೆ ಉಣಿಸನ್ನು ತರಲು ಬಾಲಕನು ಮನೆಗೆ ಓಡಿ, ಮರಳಿ ಬರುವಷ್ಟರಲ್ಲಿ ಜಂಗಮನು ಅಲ್ಲಿರಲಿಲ್ಲ. ‘ಮಲ್ಲಯ್ಯಾ’ ಎಂದು ಕರೆಯುತ್ತ ಬಾಲಕನು ಶ್ರೀಶೈಲದವರೆಗೆ ನಡೆದು, ಎಲ್ಲಿಯೂ ಕಾಣದೆ ಕಮರಿಗೆ ಹಾರಲು ಮುಂದಾದಾಗ ಮಲ್ಲಿಕಾರ್ಜುನನು ಕೈಹಿಡಿದು ನಿಲ್ಲಿಸಿದನು. ಆದರೆ ಆತನನ್ನು ಅಲ್ಲಿಯೇ ಉಳಿಸಿಕೊಳ್ಳಲಿಲ್ಲ. ಹುಟ್ಟಿದ ಊರಿಗೆ ಮರಳಿ ಅದನ್ನೇ ಅಭಿನವ ಶ್ರೀಶೈಲವನ್ನಾಗಿ ಮಾಡೆಂದು ಕಳುಹಿದನು. ಸಿದ್ಧರಾಮನು ತನ್ನೂರಿನಲ್ಲಿ ಲಿಂಗಗಳನ್ನು ಸ್ಥಾಪಿಸಿದನು, ಕೆರೆಯನ್ನು ತೋಡಿಸಿದನು. ದರ್ಶನದ ಹಂಬಲವು ಊರಿಗೆ ನೀರನ್ನು ಕೊಡುವ ಕಾಯಕವಾಗಿ ಮಾರ್ಪಟ್ಟಿತು.

ಆದರೆ ಕಥೆಯು ಇಲ್ಲಿಗೆ ಮುಗಿಯುವದಿಲ್ಲ. ಕೆರೆಯ ಕೆಲಸವು ನಡೆದಿರುವಾಗ ಅಲ್ಲಮಪ್ರಭುವು ಅಲ್ಲಿಗೆ ಬಂದು, ‘ಒಡ್ಡರಾಮನೆಲ್ಲಿ?’ ಎಂದು ಕೇಳಿದನೆಂದೂ, ತಮ್ಮ ಗುರುವನ್ನು ಹೀಗಳೆದನೆಂದು ಸಿಟ್ಟಾದ ಕೆಲಸಗಾರರು ಆತನ ಮೇಲೆ ಕಲ್ಲು ತೂರಿದರೆಂದೂ ಶೂನ್ಯಸಂಪಾದನೆಯು ಹೇಳುತ್ತದೆ. ಅಲ್ಲಮನು ಕೆರೆಯನ್ನು ಹಳಿಯಲು ಬಂದವನಲ್ಲ. ಕಟ್ಟುವವನು ತಾನು ಕಟ್ಟುತ್ತಿರುವೆನೆಂಬ ಹಮ್ಮಿಗೆ ಸಿಲುಕಬಾರದೆಂದೂ, ಹೊರಗೆ ಅಗೆದಂತೆ ಒಳಗೂ ಅಗೆಯಬೇಕೆಂದೂ ತಿಳಿಸಲು ಬಂದವನು. ಸಿದ್ಧರಾಮನು ಆ ಮಾತನ್ನು ಒಪ್ಪಿ ಆತನೊಡನೆ ಕಲ್ಯಾಣಕ್ಕೆ ನಡೆದನು. ಕೆರೆಯೂ ಉಳಿಯಿತು, ಅರಿವೂ ಬೆಳೆಯಿತು. ಗುಡಿಯನ್ನು ಕಟ್ಟಿ ನಿಲ್ಲಿಸಿದ ಊರಿನವರು ಈ ಪ್ರಸಂಗವನ್ನು ಎರಡು ಸಲ ಓದಬೇಕು.

೨. ನಿತ್ಯನೇಮ

ಸಂಕಲ್ಪವು ಬೀಜವಾದರೆ ನೇಮವು ನೀರು. ‘ನೇಮ’ ಎಂಬ ಶಬ್ದವು ಈ ಗಡಿಯ ಸೀಮೆಯಲ್ಲಿ ಕನ್ನಡ ಮಾತಿನವರಿಗೂ ಮರಾಠಿ ಮಾತಿನವರಿಗೂ ಒಂದೇ ಆಗಿರುವದು.

ಉತ್ಸಾಹವು ಬಹುಕಾಲ ಉಳಿಯುವದಿಲ್ಲವೆಂಬದನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಕನ್ನಡ ಶಾಸನಗಳನ್ನು ನೋಡಿದರೆ ಇದು ಸ್ಪಷ್ಟವಾಗುವದು. ಗುಡಿಯನ್ನು ಕಟ್ಟಿಸಿದ ಅರಸನಾಗಲಿ ಸೆಟ್ಟಿಯಾಗಲಿ ಕಟ್ಟಿಸಿದೆನೆಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ದೇವರ ಅಂಗಭೋಗ ರಂಗಭೋಗಗಳಿಗೆಂದು, ನೈವೇದ್ಯಕ್ಕೆಂದು, ನಂದಾದೀವಿಗೆಗೆಂದು, ತಪೋಧನರ ಆಹಾರದಾನಕ್ಕೆಂದು, ವಿದ್ಯಾದಾನಕ್ಕೆಂದು ಭೂಮಿಯನ್ನು ಬಿಡುತ್ತಿದ್ದನು. ಇಷ್ಟು ಮತ್ತರು ಕೆಯ್, ಇಷ್ಟು ಗದ್ಯಾಣ, ಗಾಣದಿಂದ ಇಷ್ಟು ಎಣ್ಣೆ ಎಂದು ಅಳತೆಯನ್ನು ಕಲ್ಲಿನ ಮೇಲೆ ಬರೆಸುತ್ತಿದ್ದನು. ಇವೆಲ್ಲವುಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಬಾಬತ್ತೂ ಇರುತ್ತಿದ್ದಿತು. ಒಡೆದು ಬಿರಿದುದನ್ನು ಸರಿಪಡಿಸುವ ವೆಚ್ಚವೆಂದು ಇದರ ಅರ್ಥ. ಗುಡಿಯನ್ನು ಕಟ್ಟಿಸಿದ ದಿನವೇ ಅದು ಮುಂದೆ ಬಿರಿಯುವದೆಂದು ಅರಿತು, ಆ ಬಿರುಕಿಗೆ ಬೇಕಾದ ಸುಣ್ಣದ ಹಣವನ್ನೂ ತೆಗೆದಿರಿಸಿದ ಅವರ ದೂರದೃಷ್ಟಿಯನ್ನು ಏನೆಂದು ಹೊಗಳಬೇಕು! ದೀಪವು ಚಂದ್ರಸೂರ್ಯರಿರುವವರೆಗೆ ಉರಿಯಬೇಕೆಂಬದು ಅವರ ಆಶಯ. ಆದರೆ ಅದಕ್ಕೆ ಅವರು ಗೊತ್ತುಮಾಡಿದ್ದು ದಿನಕ್ಕೆ ಇಷ್ಟೆಂದು ಅಳೆದ ಎಣ್ಣೆಯನ್ನು. ಗುರಿಯು ಅಪಾರವಾಗಿರಲಿ, ನೇಮವು ಅಳತೆಯಲ್ಲಿರಲಿ ಎಂಬದೇ ಇದರಲ್ಲಿಯ ಪಾಠ.

ಅಳತೆಯ ಮಹತ್ವವನ್ನು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯು ಇನ್ನೂ ಚೆನ್ನಾಗಿ ತಿಳಿಸುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಯಿಸುವದು ಅವರ ಕಾಯಕವಾಗಿದ್ದಿತು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಬಡವರ ಮನೆಯಲ್ಲಿ ಎರಡು ಮುಷ್ಟಿ ಅಕ್ಕಿ ಹೆಚ್ಚು ಬಂದರೆ ತಪ್ಪೇನೆಂದು ಕೇಳುವವರಿದ್ದಾರೆ. ಇಂದು ಹೆಚ್ಚು ತಂದವನು ನಾಳೆ ತರದೆ ಕುಳಿತಾನು. ಆಸೆಯು ಅಳತೆಯನ್ನು ಮುರಿದರೆ ನೇಮವೇ ಮುರಿದೀತು. ಆ ತಾಯಿಯು ಅಕ್ಕಿಯನ್ನಲ್ಲ, ನೇಮವನ್ನು ಕಾಯ್ದಳು.

ಮರಾಠಿ ಬಾಂಧವರ ‘ವಾರಿ’ಯೂ ಇದೇ ಬಗೆಯದು. ತಪ್ಪದೆ ಹೋಗಿಬರುವ ಯಾತ್ರೆಗೆ ವಾರಿಯೆಂದು ಹೆಸರು; ಹಾಗೆ ನಡೆಯುವವನು ವಾರಕರಿ. ಆಷಾಢ ಮತ್ತು ಕಾರ್ತಿಕ ಶುದ್ಧ ಏಕಾದಶಿಗಳಿಗೆ ಪಂಢರಪುರವನ್ನು ತಲುಪುವ ವಾರಕರಿಯು ಮಳೆಯೆಂದು ನಿಲ್ಲುವದಿಲ್ಲ. ಕಳೆದ ವರುಷ ಹೋಗಿದ್ದೆನೆಂದು ಈ ವರುಷ ಬಿಡುವದಿಲ್ಲ. ಒಮ್ಮೆ ಹೋದವನು ಯಾತ್ರಿಕನಾದಾನು. ಪ್ರತಿವರುಷವೂ ಹೋಗುವವನು ಮಾತ್ರ ವಾರಕರಿ.

ಇಷ್ಟನ್ನು ತಿಳಿದ ಭಕ್ತನು ತನ್ನ ನೇಮವನ್ನು ಹೇಗೆ ಕಟ್ಟಿಕೊಳ್ಳಬೇಕು? ಮೊದಲನೆಯದಾಗಿ, ನೇಮವು ಚಿಕ್ಕದಾಗಿರಬೇಕು. ಶ್ರಾವಣದ ಮೊದಲ ಸೋಮವಾರ ಸಹಸ್ರನಾಮಕ್ಕೆ ಕುಳಿತು ನಾಲ್ಕನೆಯ ಸೋಮವಾರ ಕೈಬಿಡುವದಕ್ಕಿಂತ, ನಿತ್ಯವೂ ಹನ್ನೊಂದು ಸಲ ನಾಮವನ್ನು ನೆನೆಯುವದು ಲೇಸು. ಎರಡನೆಯದಾಗಿ, ಅದಕ್ಕೆ ವೇಳೆ ಮತ್ತು ಸ್ಥಳ ಗೊತ್ತಿರಬೇಕು. ಬಿಡುವಾದಾಗ ಮಾಡೋಣವೆಂದವನಿಗೆ ಬಿಡುವೇ ಆಗುವದಿಲ್ಲ. ದೀಪ ಹಚ್ಚುವ ವೇಳೆ ಎಂದವನಿಗೆ ಸಂಜೆಯೇ ಬಂದು ಕರೆಯುವದು. ಮೂರನೆಯದಾಗಿ, ಒಂದು ದಿನ ತಪ್ಪಿದರೆ ಅದೇ ನೆವದಿಂದ ಎಲ್ಲವನ್ನೂ ಬಿಡಬಾರದು. ಕೀರ್ದಿಯಲ್ಲಿ ಒಂದು ದಿನದ ನಮೂದು ಬಿಟ್ಟುಹೋದರೆ ಜಾಣನಾದವನು ಮರುದಿನವೇ ಕುಳಿತು ಸರಿಪಡಿಸುವನು. ತಿಂಗಳ ಕೊನೆಗೆ ನೋಡೋಣವೆಂದು ಬಿಟ್ಟವನ ಕೀರ್ದಿಯೂ ಖತಾವಣಿಯೂ ಎಂದಿಗೂ ತಾಳೆಯಾಗುವದಿಲ್ಲ.

ನಾಲ್ಕನೆಯದಾಗಿ, ಊರಿನ ನೇಮವನ್ನು ಒಬ್ಬನ ಹೆಗಲ ಮೇಲೆ ಹೊರಿಸಬಾರದು. ಒಂದು ಊರಿನಲ್ಲಿ ೭೩ ಮನೆಗಳಿವೆಯೆಂದು ಎಣಿಸೋಣ. ಪ್ರತಿ ಮನೆಯವರು ವರುಷಕ್ಕೆ ೫ ದಿನ ಮಾತ್ರ ಗುಡಿಯ ದೀಪದ ಪಾಳಿಯನ್ನು ವಹಿಸಿಕೊಂಡರೆ ೩೬೫ ದಿನಗಳು ಸರಿಯಾಗಿ ತುಂಬುವವು. ಐದು ಸಂಜೆಗಳ ಎಣ್ಣೆ ಬತ್ತಿಗಳು ಯಾವ ಮನೆಗೂ ಭಾರವಲ್ಲ. ಅದರ ಬದಲು ಒಬ್ಬನೇ ವೃದ್ಧನು ಮುನ್ನೂರರವತ್ತೈದು ದಿನಗಳನ್ನೂ ಹೊತ್ತರೆ, ಆತನು ಹಾಸಿಗೆ ಹಿಡಿದ ದಿನವೇ ದೀಪವೂ ಆರುವದು. ಉತ್ಸವದ ಜಮಾಖರ್ಚಿನಲ್ಲಿ ಉಳಿದ ಶಿಲ್ಕನ್ನು ಇನ್ನೊಂದು ಕಮಾನಿಗೆ ಸುರಿಯುವ ಮೊದಲು, ಈ ಪಾಳಿಯ ಪಟ್ಟಿಯನ್ನು ಬರೆದು ಗುಡಿಯ ಕಂಬಕ್ಕೆ ತೂಗಹಾಕುವದು ಬುದ್ಧಿವಂತಿಕೆ. ಆ ಪಾಳಿಯ ದಿನದಂದು ಮಕ್ಕಳನ್ನೂ ಜೊತೆಗೆ ಕರೆದೊಯ್ಯಬೇಕು. ಬತ್ತಿ ಹೊಸೆಯಲು ಕಲಿತ ಮಗುವಿಗೆ ಭಕ್ತಿಯ ವ್ಯಾಖ್ಯಾನವನ್ನು ಬೇರೆ ಹೇಳಬೇಕಾಗಿಲ್ಲ.

೩. ಸಮರ್ಪಣೆ

ಪೂಜೆಯ ಕೊನೆಗೆ, ಮಾಡಿದುದೆಲ್ಲವೂ ದೇವರಿಗೇ ಸಲ್ಲಲೆಂದು ಅರ್ಚಕನು ಉದ್ಧರಣೆಯಿಂದ ನೀರನ್ನು ಬಿಡುವನು. ಸಂಕಲ್ಪದಲ್ಲಿ ಬಂದ ಹೆಸರು ಇಲ್ಲಿ ಕರಗಿಹೋಗುವದು. ಕೃತಜ್ಞತೆಯ ಮರ್ಮವೆಲ್ಲ ಈ ಒಂದು ಉದ್ಧರಣೆಯ ನೀರಿನಲ್ಲಿದೆ.

ಮನುಷ್ಯನ ಮನಸ್ಸು ಒಂದು ವಿಚಿತ್ರವಾದ ಲೆಕ್ಕಪುಸ್ತಕ. ಕೊಟ್ಟದ್ದನ್ನು ಅದು ದೊಡ್ಡ ಅಕ್ಷರಗಳಲ್ಲಿ ಬರೆದಿಡುವದು. ಪಡೆದದ್ದನ್ನು ಬರೆಯಲು ಮರೆಯುವದು. ಜೀರ್ಣೋದ್ಧಾರಕ್ಕೆ ಹಣವಿತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವದು ಯೋಗ್ಯವೇ. ಅದರಿಂದ ಇತರರಿಗೂ ಪ್ರೇರಣೆಯಾಗುವದು. ಆದರೆ ಕಲ್ಲು ಹೊತ್ತವರ, ಗಾರೆ ಕಲಸಿದವರ, ಬಿಸಿಲಿನಲ್ಲಿ ಕೊಡಗಟ್ಟಲೆ ನೀರು ತಂದ ತಾಯಂದಿರ ಹೆಸರುಗಳು ಎಲ್ಲಿವೆ? ಪ್ರಾಚೀನ ಶಾಸನಗಳಲ್ಲಿ ಅನೇಕ ಸಲ ದಾನಿಯ ಜೊತೆಗೆ, ಶಾಸನವನ್ನು ಬರೆದವನ ಹೆಸರೂ ಕಂಡರಿಸಿದ ರೂವಾರಿಯ ಹೆಸರೂ ಉಳಿದಿವೆ. ಆ ಔದಾರ್ಯವನ್ನು ಇಂದಿನವರೂ ಕಲಿಯಬಹುದು. ಫಲಕದಲ್ಲಿ ಸ್ಥಳವಿಲ್ಲದಿದ್ದರೆ ಮಹಾಮಂಗಳಾರತಿಯ ಕಾಲದಲ್ಲಿ ಅವರನ್ನು ಮುಂದೆ ಕರೆದು ಮೊದಲ ಪ್ರಸಾದವನ್ನು ಕೊಡಬಹುದು.

ಕೃತಜ್ಞತೆಯು ಫಲ ಕೈಸೇರಿದ ಮೇಲೆ ಸಲ್ಲಿಸುವ ಪಾವತಿಯೆಂದು ಅನೇಕರು ತಿಳಿದಿದ್ದಾರೆ. ರೈತನು ಹಾಗೆ ತಿಳಿದಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಕಡುಬು, ಭಜ್ಜಿ, ರೊಟ್ಟಿ, ಅಂಬಲಿಗಳ ಬುತ್ತಿಯನ್ನು ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಯನ್ನು ಪೂಜಿಸಿ ಚರಗ ಚೆಲ್ಲುವರು. ಸೊಲ್ಲಾಪುರ, ಲಾತೂರ ಸೀಮೆಯ ಮರಾಠಿ ರೈತರು ಇದನ್ನೇ ‘ವೇಳ ಅಮಾವಾಸ್ಯೆ’ ಎಂದು ಆಚರಿಸುವರು. ಎರಡು ನುಡಿ, ಒಂದೇ ಬುತ್ತಿ. ಆ ದಿನ ಹಿಂಗಾರಿಯ ಜೋಳವು ಹೊಲದಲ್ಲಿ ನಿಂತಿರುವದೇ ಹೊರತು ಕಣಕ್ಕೆ ಬಂದಿರುವದಿಲ್ಲ. ಗಾಳಿಗೆ ಬಿದ್ದೀತು, ಹಕ್ಕಿ ತಿಂದೀತು, ಕಾಳು ಜೊಳ್ಳಾದೀತು. ಆದರೂ ರೈತನು ಮೊದಲೇ ಉಣಿಸಿ ನಮಸ್ಕರಿಸುವನು. ಬೆಳೆ ಬಂದರೆ ಕೊಡುವೆನೆಂಬ ಕರಾರು ಅಲ್ಲಿಲ್ಲ. ನಿಂತ ನೆಲವೇ ಸಾಕಷ್ಟು ದೊಡ್ಡ ಉಪಕಾರವೆಂಬ ಅರಿವು ಅಲ್ಲಿರುವದು.

ನೇಮವು ಒಣಗದಂತೆ ಕಾಯುವದು ಈ ಅರಿವೇ. ಭಯದಿಂದ ಹಿಡಿದ ನೇಮವು ಭಯ ಕಳೆದೊಡನೆ ಸಡಿಲುವದು. ಫಲದ ಆಸೆಯಿಂದ ಹಿಡಿದ ನೇಮವು ಫಲ ತಡವಾದೊಡನೆ ಮುರಿಯುವದು. ಋಣವನ್ನು ಅರಿತು ಹಿಡಿದ ನೇಮಕ್ಕೆ ಮುರಿಯಲು ಕಾರಣವೇ ದೊರೆಯುವದಿಲ್ಲ.

ಈ ಗಡಿನಾಡಿನ ಗುಡಿಗಳೇ ಇದಕ್ಕೆ ಸಾಕ್ಷಿ. ಅಕ್ಕಲಕೋಟ ಮತ್ತು ಜತ್ತ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಭಾಷೆಗನುಗುಣವಾಗಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. ೧೯೬೦ರ ಮೇ ೧ರಂದು ಮಹಾರಾಷ್ಟ್ರವು ರೂಪುಗೊಂಡಿತು. ಕಾಗದಗಳ ಮೇಲಿನ ಮುದ್ರೆ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಗುಡಿಯ ಸಂಜೆಯ ದೀಪಕ್ಕೂ ಅಜ್ಜಿಯರು ಹಾಡುವ ಕನ್ನಡದ ಮಂಗಳಾರತಿಗೂ ಯಾರೂ ಆಜ್ಞೆಯನ್ನು ಹೊರಡಿಸಲಿಲ್ಲ. ಆದರೂ ಅವು ನಡೆದುಬಂದವು. ಮಕರ ಸಂಕ್ರಾಂತಿಯ ಸಮಯದಲ್ಲಿ ಸೊಲ್ಲಾಪುರದ ೬೮ ಲಿಂಗಗಳಿಗೆ ನಡೆಯುವ ‘ಎಣ್ಣೆಮಜ್ಜನ’ವನ್ನು ಮರಾಠಿ ಮಾತಿನವರೂ ಆ ಕನ್ನಡ ಹೆಸರಿನಿಂದಲೇ ಕರೆಯುತ್ತಾರೆ. ನುಡಿಯೊಂದು ಉಳಿಯುವದೂ ದೀಪವೊಂದು ಉಳಿಯುವದೂ ಒಂದೇ ರೀತಿಯಿಂದ: ದಿನವೂ ಬಳಸುವದರಿಂದ.

ಆದುದರಿಂದ ಭಕ್ತಮಹಾಶಯರು ಈ ಪುಣ್ಯಕಾರ್ಯದ ನೆನಪಿಗಾಗಿ ಒಂದೊಂದು ಚಿಕ್ಕ ನೇಮವನ್ನು ಹಿಡಿಯಲಿ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರು, ವಿಠ್ಠಲನ ಮುಂದೆ ತಾಳ ಹಿಡಿಯುವವರು, ಗ್ರಾಮದೇವತೆಗೆ ಉಡಿ ತುಂಬುವವರು, ಎಲ್ಲರಿಗೂ ದಾರಿಯಿದೊಂದೇ. ಸಂಕಲ್ಪದಲ್ಲಿ ಹೆಸರನ್ನು ಹೇಳಿ, ನೇಮದಲ್ಲಿ ಕೈಯನ್ನು ದುಡಿಸಿ, ಸಮರ್ಪಣೆಯಲ್ಲಿ ಹೆಸರನ್ನು ಮರೆಯಬೇಕು. ಶಿಖರದ ಮೇಲಿನ ಕಳಸವು ಹಗಲಿನಲ್ಲಿ ದಾರಿಹೋಕರಿಗೆ ಕಾಣುವದು. ಗರ್ಭಗುಡಿಯ ಹಣತೆಯು ಇರುಳಿನಲ್ಲಿ ಊರನ್ನು ಕಾಯುವದು. ಕಳಸವನ್ನೇರಿಸಿದ ಕೈಗಳೇ ಹಣತೆಗೆ ಎಣ್ಣೆಯನ್ನೂ ಎರೆಯುತ್ತಿರಲಿ. ಸರ್ವರಿಗೂ ಮಂಗಳವಾಗಲಿ.